ಪಿಕಪ್ಪೋ, ಜೀಪೋ? ಗಡಿಭಾಗದ ರೈತ ಮನೆಗಳ ಮುಂದಿನ ಲೆಕ್ಕ

ಅಕ್ಕಲಕೋಟ: ದ್ರಾಕ್ಷಿಯ ಪಟ್ಟಿ ಕೈ ಸೇರಿತು, ಉಳ್ಳಾಗಡ್ಡಿಗೆ ಒಂದಿಷ್ಟು ಒಳ್ಳೆಯ ದರ ಬಂತು ಎಂದರೆ ಗಡಿಭಾಗದ ರೈತ ಮನೆಗಳಲ್ಲಿ ಮೊದಲು ಏಳುವ ಮಾತು ಗಾಡಿಯದು. ‘ಪಿಕಪ್ ತಗೋಳೂಣು, ಮಾಲು ಹೇರಾಕ ಆಗತೈತಿ, ಹಪ್ತಾ ತಾನ ತೀರತೈತಿ’ ಅಂತಾನೆ ಅಣ್ಣ. ‘ಬೊಲೆರೊ ತಗೋಳೂಣು, ಅವ್ವನ್ನ ದವಾಖಾನಿಗೆ ಒಯ್ಯಾಕರ ಬರತೈತಿ, ನಾಲ್ಕ ಮಂದ್ಯಾಗ ಮಾನಾನೂ ಉಳಿತೈತಿ’ ಅಂತಾನೆ ತಮ್ಮ. ಅಡುಗೆಮನೆಯಿಂದ ಬರುವುದು ಮೂರನೆಯ ಮಾತು: ‘ಯಾವುದರ ತರ್ರಿ, ಜಾತ್ರಿಗೆ ಹೋಗೂಮುಂದ ಮಾತ್ರ ನಮ್ಮನ್ನ ಹಿಂದ ಹೌದಾದಾಗ ನಿಲ್ಲಸಬ್ಯಾಡ್ರಿ.’

ಈ ಮೂರನೆಯ ಮಾತಿಗೆ ಬಹಳ ಮನೆಗಳಲ್ಲಿ ಬೆಲೆಯಿಲ್ಲ. ಆದರೆ ಹಣದ ಲೆಕ್ಕ, ಕಾಯ್ದೆಯ ಲೆಕ್ಕ, ಜೀವದ ಲೆಕ್ಕ ಮೂರನ್ನೂ ಕೂಡಿಸಿ ನೋಡಿದರೆ ಸರಿಯಾದ ಮಾತು ಅದೇ ಎಂಬುದು ತಿಳಿಯುತ್ತದೆ.

ಅಕ್ಕಲಕೋಟ ತಾಲೂಕಿನ ಮೈಂದರ್ಗಿ, ದುಧನಿ, ನಾಗಣಸೂರ, ದಕ್ಷಿಣ ಸೊಲ್ಲಾಪುರದ ಮಂದ್ರೂಪ, ಜತ್ತ ತಾಲೂಕಿನ ಉಮದಿ, ಸಂಖ ಭಾಗದ ಕನ್ನಡ ಮನೆತನಗಳ ಓಡಾಟ ಒಂದೇ ದಿಕ್ಕಿನದಲ್ಲ. ಉಳ್ಳಾಗಡ್ಡಿ ಸೊಲ್ಲಾಪುರ ಮಾರುಕಟ್ಟೆಗೆ ಹೋಗಬೇಕು, ತೊಗರಿ ದುಧನಿಗೆ ಹೋಗಬೇಕು. ದವಾಖಾನೆಗೆ ಕೆಲವರು ಸೊಲ್ಲಾಪುರಕ್ಕೆ, ಕೆಲವರು ವಿಜಯಪುರಕ್ಕೆ. ಬೀಗರು ಇಂಡಿ, ಚಡಚಣ, ಅಫಜಲಪುರದ ಕಡೆ. ಅಕ್ಕಲಕೋಟದಿಂದ ಸೊಲ್ಲಾಪುರ ಸುಮಾರು 40 ಕಿ.ಮೀ., ಸೊಲ್ಲಾಪುರದಿಂದ ವಿಜಯಪುರ ಸುಮಾರು 100 ಕಿ.ಮೀ. ಎಸ್‌ಟಿ ಬಸ್ಸು ಹೊತ್ತಿಗೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ವಡಾಪ್ ಗಾಡಿಯೇ ಗತಿ. ಹೀಗಾಗಿ ಮಾಲಿಗೂ ಮಂದಿಗೂ ಒಂದೇ ಗಾಡಿ ಸಾಕು ಎಂಬ ಆಸೆ ಸಹಜ.

ಮಹೀಂದ್ರಾ ಕಂಪನಿಯ ಬೊಲೆರೊ 2000ದಲ್ಲಿ ಬಂತು. ‘ಛೋಟಾ ಹಾಥಿ’ ಎಂದೇ ಹೆಸರಾದ ಟಾಟಾ ಏಸ್ 2005ರಲ್ಲಿ ಬಂತು. ಅಲ್ಲಿಂದ ಇಲ್ಲಿಯವರೆಗೆ ಟ್ರ್ಯಾಕ್ಟರ್ ಟ್ರೇಲರ್ ಬಿಟ್ಟರೆ ಹಳ್ಳಿಯ ಓಡಾಟ ಈ ಎರಡು ಬಗೆಯ ಗಾಡಿಗಳ ಮೇಲೇ ನಿಂತಿದೆ. ಒಂದು ಹಿಂದೆ ಹೌದಾ ಇರುವ ಪಿಕಪ್. ಇನ್ನೊಂದು ಕಂಪನಿಯವರು ಎಸ್‌ಯುವಿ ಎಂದು ಕರೆಯುವ, ಹಳ್ಳಿಯವರು ಇನ್ನೂ ಜೀಪು ಎಂದೇ ಕರೆಯುವ ಗಾಡಿ.

ಪಾಟಿಯ ಬಣ್ಣ ಬೇರೆ, ಕಾಯ್ದೆ ಬೇರೆ

ನೋಡಲು ಮುಂದಿನ ಮೂತಿ ಒಂದೇ ತರಹ ಕಂಡರೂ ಆರ್‌ಟಿಒ ಕಚೇರಿಯ ಕಣ್ಣಿಗೆ ಇವು ಎರಡೂ ಬೇರೆ. ಜೀಪು ಖಾಸಗಿ ವಾಹನ. ಅದಕ್ಕೆ ಬಿಳಿ ಪಾಟಿಯ ಮೇಲೆ ಕಪ್ಪು ಅಕ್ಷರ. ಪಿಕಪ್ ಸರಕು ಸಾಗಣೆ ವಾಹನ. ಅದಕ್ಕೆ ಹಳದಿ ಪಾಟಿಯ ಮೇಲೆ ಕಪ್ಪು ಅಕ್ಷರ. ‘ನಾವು ಬಾಡಿಗಿ ಹೊಡೆಯೂದಿಲ್ಲ, ನಮ್ಮ ಹೊಲದ ಮಾಲಷ್ಟ ಒಯ್ತೀವಿ’ ಎಂದರೂ ಸಾಮಾನ್ಯ ಪಿಕಪ್‌ಗೆ ಹಳದಿ ಪಾಟಿ ತಪ್ಪುವುದಿಲ್ಲ.

ಪಾಟಿಯ ಬಣ್ಣದ ಹಿಂದೆ ಖರ್ಚೂ ಇದೆ. ಜೀಪಿನ ನೋಂದಣಿ ಒಮ್ಮೆ ಆದರೆ 15 ವರ್ಷ ಚಿಂತೆಯಿಲ್ಲ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಪಿಕಪ್‌ಗೆ ಹಾಗಲ್ಲ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪತ್ರ ಮಾಡಿಸಬೇಕು. ಹಳ್ಳಿಯ ಮಾತಿನಲ್ಲಿ ಇದೇ ‘ಪಾಸಿಂಗ್’. ಪಾಸಿಂಗ್ ಎಂದರೆ ಬರೀ ಸರಕಾರಿ ಶುಲ್ಕವಲ್ಲ. ಲೈಟು, ಬ್ರೇಕು, ಟಯರು, ಬಣ್ಣ ಎಲ್ಲ ಸರಿ ಮಾಡಿಸಿಕೊಂಡೇ ಹೋಗಬೇಕು. ಅವತ್ತಿನ ದುಡಿಮೆಯೂ ಹೋಗುತ್ತದೆ.

ಪರ್ಮಿಟ್ ವಿಷಯದಲ್ಲಿ ಮಾತ್ರ ಚಿಕ್ಕ ಗಾಡಿಗೆ ರಿಯಾಯಿತಿ ಇದೆ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಮಾಲು ಸಮೇತ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಟಾಟಾ ಏಸ್ ಈ ಮಿತಿಯ ಒಳಗೆ ಆರಾಮಾಗಿ ಬರುತ್ತದೆ. ದೊಡ್ಡ ಪಿಕಪ್‌ಗಳಲ್ಲಿ ಕೆಲವು ಒಳಗೆ, ಕೆಲವು ಹೊರಗೆ. 1.3 ಟನ್ನಿನದಕ್ಕೂ 1.7 ಟನ್ನಿನದಕ್ಕೂ ಬೆಲೆಯಲ್ಲಿ ಬಹಳ ಅಂತರವಿಲ್ಲ ಎಂದು ದೊಡ್ಡದಕ್ಕೆ ಕೈ ಹಾಕುವ ಮೊದಲು ಅದರ ಒಟ್ಟು ತೂಕ ಎಷ್ಟು ಎಂದು ಕಾಗದದಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಮಾಲಿನ ದಿನ ಎಷ್ಟು, ಮಂದಿಯ ದಿನ ಎಷ್ಟು?

ಗಾಡಿ ಕೊಳ್ಳುವಾಗ ಹೆಚ್ಚಿನವರು ನೋಡುವುದು ಬೆಲೆ ಮತ್ತು ಮೈಲೇಜು. ಆದರೆ ಮೊದಲು ಎಣಿಸಬೇಕಾದದ್ದು ದಿನಗಳನ್ನು. ವರ್ಷದ 365 ದಿನಗಳಲ್ಲಿ ಮಾಲು ಒಯ್ಯುವ ದಿನ ಎಷ್ಟು, ಮನೆಮಂದಿ ಓಡಾಡುವ ದಿನ ಎಷ್ಟು?

ಇದು ಬೆಳೆಯ ಮೇಲೆ ಹೋಗುತ್ತದೆ. ಕಬ್ಬಿಗೆ ಪಿಕಪ್ ಬೇಕಾಗಿಲ್ಲ, ಕಾರ್ಖಾನೆಯ ಟ್ರಕ್ಕು, ಟ್ರ್ಯಾಕ್ಟರು ಬರುತ್ತವೆ. ತೊಗರಿ, ಜೋಳ, ಕಡಲೆ ಬೆಳೆಯುವವರಿಗೆ ರಾಶಿಯಾದ ಮೇಲೆ ನಾಲ್ಕಾರು ಖೇಪು. ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಿಸಿ ಬೆದಾಣೆ ಮಾಡುವವರಿಗೂ ಖೇಪು ಕಡಿಮೆ, ಏಕೆಂದರೆ ಒಣಗಿದ ಮಾಲಿನ ತೂಕ ಹಸಿ ಹಣ್ಣಿನ ನಾಲ್ಕನೇ ಒಂದು ಪಾಲಿನಷ್ಟೇ ಉಳಿಯುತ್ತದೆ. ದಾಳಿಂಬೆಯವರಿಗೆ ಹಣ್ಣು ಕಡಿಯುವ ತಿಂಗಳಲ್ಲಿ ಮಾತ್ರ ಓಡಾಟ ಜೋರು. ಅದರಲ್ಲೂ ವ್ಯಾಪಾರಿಯೇ ತೋಟಕ್ಕೆ ಬಂದು ಕ್ರೇಟು ತುಂಬಿಕೊಂಡು ಹೋದರೆ ಆ ಓಡಾಟವೂ ಇಲ್ಲ.

ಇನ್ನು ಕಾಯಿಪಲ್ಲೆ, ಹೂವು, ಹಾಲು ಇದ್ದವರ ಲೆಕ್ಕವೇ ಬೇರೆ. ಅವರಿಗೆ ದಿನಾ ಬೆಳಗಾದರೆ ಗಾಡಿ ಬೇಕು. ಹತ್ತಾರು ಎಮ್ಮೆ ಕಟ್ಟಿದವರಿಗೆ ಹಿಂಡಿ, ಮೇವು ತರುವುದಕ್ಕೂ ಬೇಕು. ಇಂಥ ಮನೆಗೆ ಪಿಕಪ್ ಶೋಕಿಯಲ್ಲ, ಎತ್ತಿನ ಜೋಡಿ ಇದ್ದ ಹಾಗೆ.

83 ಖೇಪಿನ ಲೆಕ್ಕ

‘ಹಪ್ತಾ ತಾನ ತೀರತೈತಿ’ ಎಂಬ ಮಾತನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡೋಣ. ಇಲ್ಲಿಯ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ತಮ್ಮ ತಮ್ಮ ಊರಿನ ದರ ಹಾಕಿಕೊಂಡು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು.

ಗಾಡಿಯ ಬೆಲೆ 10 ಲಕ್ಷ ರೂ. ಎಂದು ಹಿಡಿಯೋಣ. ಕೈಯಿಂದ 2 ಲಕ್ಷ, ಸಾಲ 8 ಲಕ್ಷ. ಬಡ್ಡಿ ಶೇ 10, ಅವಧಿ ಐದು ವರ್ಷ. ತಿಂಗಳ ಹಪ್ತೆ ಸುಮಾರು 17,000 ರೂ. ಬರುತ್ತದೆ. ವರ್ಷಕ್ಕೆ 2,04,000. ವಿಮೆ, ಪಾಸಿಂಗ್, ಸರ್ವಿಸ್, ಟಯರು ಎಲ್ಲ ಸೇರಿ ವರ್ಷಕ್ಕೆ 60,000. ಕೈಯಿಂದ ಹಾಕಿದ 2 ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ 40,000. ಐದು ವರ್ಷದ ಮೇಲೆ ಗಾಡಿಯನ್ನು 4 ಲಕ್ಷಕ್ಕೆ ಮಾರಿದರೂ ವರ್ಷಕ್ಕೆ 80,000 ವಾಪಸು ಬಂತು ಎಂದು ಕಳೆಯಬೇಕು. ಕೊನೆಗೆ ಉಳಿಯುವುದು 2,24,000. ಗಾಡಿ ಓಡಲಿ, ನಿಲ್ಲಲಿ, ಇದು ವರ್ಷಕ್ಕೆ ಬಿದ್ದೇ ಬೀಳುವ ಖರ್ಚು.

ಈಗ ಮಾರುಕಟ್ಟೆಗೆ ಹೋಗಿ ಬರಲು 200 ಕಿ.ಮೀ. ಎಂದು ಹಿಡಿಯೋಣ. ಬೇರೆಯವರ ಪಿಕಪ್ ತಂದರೆ ಬಾಡಿಗೆ 4,000 ರೂ. ಸ್ವಂತ ಗಾಡಿಯಾದರೆ ಲೀಟರ್‌ಗೆ 14 ಕಿ.ಮೀ., ಡೀಸೆಲ್ 90 ರೂ. ಲೆಕ್ಕದಲ್ಲಿ ಸುಮಾರು 1,290 ರೂ. ಒಂದು ಖೇಪಿಗೆ ಉಳಿಯುವುದು 2,710. ಈ ಉಳಿತಾಯದಿಂದ 2,24,000 ತುಂಬಬೇಕಾದರೆ ವರ್ಷಕ್ಕೆ 83 ಖೇಪು ಆಗಬೇಕು. ಅದೂ ಗಾಡಿಯನ್ನು ಮನೆಯವರೇ ಓಡಿಸಿದರೆ. ಪಗಾರಿನ ಚಾಲಕನನ್ನು ಇಟ್ಟರೆ ಖೇಪು ಇನ್ನೂ ಏರುತ್ತವೆ.

ವರ್ಷಕ್ಕೆ 40 ಖೇಪು ಇರುವ ಮನೆ ಬಾಡಿಗೆ ಗಾಡಿ ತಂದರೆ ಖರ್ಚು 1,60,000. ಸ್ವಂತ ಗಾಡಿ ಇಟ್ಟರೆ ಸುಮಾರು 2,75,600. ಅಂದರೆ ವರ್ಷಕ್ಕೆ ಲಕ್ಷದ ಮೇಲೆ ಹಾನಿ. ಅದೇ 120 ಖೇಪು ಇರುವ ಮನೆಗೆ ಸ್ವಂತ ಗಾಡಿಯಿಂದ ವರ್ಷಕ್ಕೆ ಲಕ್ಷದಷ್ಟು ಉಳಿತಾಯ. ಗಾಡಿ ಒಂದೇ, ಹಪ್ತೆ ಒಂದೇ, ಬೇರೆಯಾದದ್ದು ಖೇಪು ಮಾತ್ರ. ಅಕ್ಕಪಕ್ಕದ ಹೊಲದವರ ಮಾಲನ್ನೂ ಬಾಡಿಗೆಗೆ ಒಯ್ಯುವವರಿಗೆ 83ರ ಗೆರೆ ದಾಟುವುದು ಕಷ್ಟವಲ್ಲ. ಆದರೆ ಅಂಥವರು ವಿಮೆ ಮಾಡಿಸುವಾಗ ಅದನ್ನು ಬಾಯಿಬಿಟ್ಟು ಹೇಳಬೇಕು. ಸ್ವಂತ ಮಾಲಿಗೆ ಮತ್ತು ಬಾಡಿಗೆ ಮಾಲಿಗೆ ವಿಮೆಯ ವರ್ಗ ಬೇರೆ ಬೇರೆ.

ದಿನದ ಓಡಾಟದ ಲೆಕ್ಕವನ್ನೂ ನೋಡಬೇಕು. ದಿನಾ 40 ಕಿ.ಮೀ., ವರ್ಷಕ್ಕೆ 300 ದಿನ, ಒಟ್ಟು 12,000 ಕಿ.ಮೀ. ಪಿಕಪ್‌ನಲ್ಲಿ ಹೋದರೆ ಡೀಸೆಲ್ ಖರ್ಚು ಸುಮಾರು 77,000. ಜೀಪು ಲೀಟರ್‌ಗೆ 15 ಕೊಟ್ಟರೆ 72,000. ಎರಡರ ಅಂತರ ಐದು ಸಾವಿರ ಮಾತ್ರ. ಹೀಗಿರುವಾಗ ಮೈಲೇಜಿನ ಮೇಲೆ ತಾಸುಗಟ್ಟಲೆ ವಾದ ಮಾಡುವುದರಲ್ಲಿ ಅರ್ಥವಿಲ್ಲ. ಲೀಟರ್‌ಗೆ 50 ಕಿ.ಮೀ. ಕೊಡುವ ಮೋಟರ್ ಸೈಕಲ್‌ನಲ್ಲಿ, ಪೆಟ್ರೋಲ್ 105 ರೂ. ಹಿಡಿದರೂ, ಇದೇ ಓಡಾಟಕ್ಕೆ ಬರುವುದು 25,200. ಒಬ್ಬನೇ ಕಾಲೇಜಿಗೆ, ನೌಕರಿಗೆ ಹೋಗಿ ಬರಲು ನಾಲ್ಕು ಗಾಲಿಯ ಗಾಡಿ ತೆಗೆಯುವುದೇ ದುಬಾರಿ.

ಹೌದಾದಲ್ಲಿ ನಿಂತವರಿಗೆ ವಿಮೆ ಇಲ್ಲ

ಹಣದ ಮಾತು ಇಲ್ಲಿಗೆ ಬಿಟ್ಟರೆ ಉಳಿಯುವುದು ಜೀವದ ಮಾತು. ಸಂಕ್ರಮಣಕ್ಕೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ, ಆಷಾಢಿಗೆ ಪಂಢರಪುರ, ಜತ್ತ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯ ದರ್ಶನ, ಮದುವೆ, ಸೀಮಂತ, ಮಣ್ಣು. ಇವೆಲ್ಲಕ್ಕೂ ಪಿಕಪ್‌ನ ಹೌದಾದಲ್ಲಿ ತಾಡಪತ್ರಿ ಹಾಸಿ ಇಪ್ಪತ್ತು ಮೂವತ್ತು ಮಂದಿ ಹೋಗುವುದು ಗಡಿಭಾಗದಲ್ಲಿ ಯಾರಿಗೂ ಹೊಸದಲ್ಲ. ಹೆಣ್ಣುಮಕ್ಕಳು, ಕೂಸುಗಳು, ಮುದುಕರು ಹಿಂದೆ. ಗಂಡಸರು ಹೌದಾದ ಅಂಚಿಗೆ.

ಹೌದಾದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಬೆಲ್ಟ್ ಇಲ್ಲ, ಮೇಲೆ ಮಾಡಿಲ್ಲ. ನಿಂತ ಮಂದಿಯ ಭಾರ ಮೇಲೆ ಇರುವುದರಿಂದ ತಿರುವಿನಲ್ಲಿ ಗಾಡಿ ಬೇಗ ಮಗುಚುತ್ತದೆ. ಮಾಲಾದರೆ ಕಟ್ಟಿ ಹಾಕಿರುತ್ತಾರೆ, ಮಂದಿಯನ್ನು ಕಟ್ಟಲಾಗುವುದಿಲ್ಲ. ಬ್ರೇಕ್ ಒತ್ತಿದರೆ ಎಲ್ಲರೂ ಒಂದೇ ಕಡೆಗೆ ಬೀಳುತ್ತಾರೆ.

ಅಪಘಾತವಾದ ಮೇಲೆ ಬರುವ ಎರಡನೇ ಪೆಟ್ಟು ಹಲವರಿಗೆ ಗೊತ್ತಿಲ್ಲ. ಸರಕು ವಾಹನದ ವಿಮೆ ಪ್ರಯಾಣಿಕರಿಗಾಗಿ ಇರುವುದಲ್ಲ. 1994ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಮಾಲಿನ ಜೊತೆ ಹೋಗುವ ಮಾಲಿನ ಒಡೆಯನಿಗೆ ಅಥವಾ ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆ ಸಿಕ್ಕಿತು. ಸುಮ್ಮನೆ ಹತ್ತಿಕೊಂಡ ಮಂದಿಗೆ ಸಿಗಲಿಲ್ಲ. ಸುಪ್ರೀಂ ಕೋರ್ಟ್ 2002ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ವಿರುದ್ಧ ಆಶಾ ರಾಣಿ ಪ್ರಕರಣದಲ್ಲಿ ಇದನ್ನೇ ಸ್ಪಷ್ಟ ಮಾಡಿತು. ಸರಕು ವಾಹನದಲ್ಲಿ ಹೋಗುವ ಇಂಥ ಪ್ರಯಾಣಿಕರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲ ಎಂಬುದೇ ಆ ತೀರ್ಪು.

ಹಾಗಾದರೆ ಹೊಣೆ ಯಾರದು? ಗಾಡಿಯ ಮಾಲೀಕನದು. ಕೆಲವು ಪ್ರಕರಣಗಳಲ್ಲಿ ಮೊದಲು ಕಂಪನಿ ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯ ಹೇಳಿದ್ದೂ ಉಂಟು. ಹೇಗಾದರೂ ಕೊನೆಗೆ ಹಣ ಹೋಗಬೇಕಾದದ್ದು ಮಾಲೀಕನ ಮನೆಯಿಂದ. ಒಂದೊಂದು ಸಾವಿಗೆ ಲಕ್ಷಗಟ್ಟಲೆ ಪರಿಹಾರ ಎಂದರೆ ಹೊಲದ ಉತಾರಕ್ಕೆ ಬೋಜಾ ಏರುತ್ತದೆ. ಸತ್ತವರು ಬೇರೆ ಯಾರೂ ಅಲ್ಲ, ಅದೇ ಊರಿನವರು, ಅದೇ ಭಾವಕಿಯವರು. ಪರಿಹಾರ ಕೇಳುವವರೂ ಅವರೇ, ಕೊಡಬೇಕಾದವರೂ ಅವರೇ. ಉಪಕಾರಕ್ಕೆ ಗಾಡಿ ಬಿಟ್ಟ ಮನೆ ಮತ್ತು ಜೀವ ಕಳೆದುಕೊಂಡ ಮನೆ ಕೋರ್ಟಿನಲ್ಲಿ ಎದುರುಬದುರು ನಿಲ್ಲಬೇಕಾಗುತ್ತದೆ.

ದಂಡವನ್ನೂ ನೋಡಬೇಕು. 2019ರ ತಿದ್ದುಪಡಿ ಕಾಯ್ದೆಯಲ್ಲಿ ಮಿತಿಗಿಂತ ಹೆಚ್ಚು ಮಂದಿ ಕೂಡಿಸಿದರೆ ತಲೆಗೆ 200 ರೂ. ದಂಡವಿದೆ. ಆದರೆ ದಂಡ ಕಟ್ಟಿದರೆ ವಿಮೆ ಬರುತ್ತದೆ ಎಂದೇನೂ ಇಲ್ಲ. ಪೊಲೀಸರು ಬಿಟ್ಟು ಕಳಿಸಿದರು ಎಂದರೆ ವಿಮಾ ಕಂಪನಿಯೂ ಬಿಡುತ್ತದೆ ಎಂದು ತಿಳಿಯಬಾರದು.

ಬಿಳಿ ಪಾಟಿಗೂ ಮಿತಿ ಇದೆ

ಹಾಗೆಂದು ಜೀಪು ತೆಗೆದುಕೊಂಡವರು ನಿಶ್ಚಿಂತರು ಎನ್ನುವಂತಿಲ್ಲ. ಏಳು ಸೀಟಿನ ಬೊಲೆರೊದಲ್ಲಿ ಹದಿನಾಲ್ಕು ಮಂದಿಯನ್ನು ತುಂಬಿ ತಲೆಗಿಷ್ಟು ಎಂದು ಹಣ ಪಡೆದರೆ ಅದು ಖಾಸಗಿ ಬಳಕೆಯಾಗುವುದಿಲ್ಲ. ಅಲ್ಲಿಯೂ ವಿಮೆಯವರು ತಕರಾರು ತೆಗೆಯುತ್ತಾರೆ. ಹಿಂದಿನ ಸೀಟು ಕಿತ್ತು ಕ್ರೇಟು ತುಂಬಿ ದಿನಾ ಮಾರುಕಟ್ಟೆಗೆ ಹೋಗುವುದೂ ಹಾಗೆಯೇ. ಮನೆಗೆ ಬೇಕಾದ ಎರಡು ಚೀಲ ಜೋಳ, ಬೀಗರಿಗೆ ಒಂದು ಬುಟ್ಟಿ ದ್ರಾಕ್ಷಿ ಒಯ್ಯುವುದು ಬೇರೆ. ಮಾಲು ಸಾಗಣೆಯನ್ನೇ ಕೆಲಸ ಮಾಡಿಕೊಳ್ಳುವುದು ಬೇರೆ.

ಇನ್ನೊಂದು ತಪ್ಪು ಹಣ ಉಳಿಸಲು ಹೋಗಿ ಆಗುತ್ತದೆ. ಗಾಡಿ ಹಳೆಯದಾದಂತೆ ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿ ಸುಮ್ಮನಾಗುವವರು ಬಹಳ. ಆ ವಿಮೆ ಎದುರಿನವರಿಗೆ ಆದ ಹಾನಿಗೆ. ಜೀಪಿನ ಒಳಗೆ ಕುಳಿತ ಮನೆಮಂದಿಗೆ ರಕ್ಷಣೆ ಬೇಕಾದರೆ ಪ್ಯಾಕೇಜ್ ಪಾಲಿಸಿಯೇ ಬೇಕು. ಅದರ ಜೊತೆಗೆ ಸ್ವತಃ ಗಾಡಿ ಓಡಿಸುವ ಮಾಲೀಕನಿಗೆ 15 ಲಕ್ಷ ರೂ.ಗಳ ವೈಯಕ್ತಿಕ ಅಪಘಾತ ವಿಮೆ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಲೈಸನ್ಸಿನ ಗೊಂದಲ ಮುಗಿದಿದೆ

‘ಕಾರಿನ ಲೈಸನ್ಸ್ ಮ್ಯಾಲ ಪಿಕಪ್ ಹೊಡಿಬಹುದ?’ ಈ ಪ್ರಶ್ನೆಯಿಂದ ವರ್ಷಗಟ್ಟಲೆ ರೈತರು ಕಾಡಿಸಿಕೊಂಡಿದ್ದಾರೆ. ಅಪಘಾತವಾದಾಗ ಚಾಲಕನ ಬಳಿ ಸಾರಿಗೆ ವಾಹನದ ಲೈಸನ್ಸ್ ಇಲ್ಲ ಎಂಬ ಕಾರಣಕ್ಕೇ ವಿಮಾ ಕಂಪನಿಗಳು ಹಿಂದೆ ಸರಿಯುತ್ತಿದ್ದವು. 2017ರಲ್ಲಿ ಮುಕುಂದ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೈತರಿಗೆ, ಚಾಲಕರಿಗೆ ಅನುಕೂಲವಾಗುವ ತೀರ್ಪು ಕೊಟ್ಟಿತು. ಅದರ ಮೇಲೂ ತಕರಾರು ಎದ್ದಾಗ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಅದನ್ನೇ ಎತ್ತಿಹಿಡಿಯಿತು. 7,500 ಕೆ.ಜಿ. ಒಳಗಿನ ಹಗುರ ಸಾರಿಗೆ ವಾಹನವನ್ನು ಹಗುರ ಮೋಟಾರು ವಾಹನದ, ಅಂದರೆ ಎಲ್‌ಎಂವಿ ಲೈಸನ್ಸ್ ಇದ್ದವರು ಓಡಿಸಬಹುದು. ಏಸ್ ಆಗಲಿ, ದೊಡ್ಡ ಪಿಕಪ್ ಆಗಲಿ, ಇದರೊಳಗೆ ಬರುತ್ತವೆ. ಆದರೆ ಲೈಸನ್ಸೇ ಇಲ್ಲದ, ಹದಿನೆಂಟು ತುಂಬದ ಹುಡುಗನ ಕೈಗೆ ಚಾವಿ ಕೊಡುವ ಮನೆಗೆ ಈ ತೀರ್ಪಿನಿಂದ ಯಾವ ರಕ್ಷಣೆಯೂ ಇಲ್ಲ.

ಎರೆ ನೆಲ, ಖಾಲಿ ಹೌದಾ

ತೋಟದ ವಸ್ತಿಯಲ್ಲಿ ಮನೆ ಇದ್ದವರು ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಿಕಪ್‌ನ ಹಿಂದಿನ ಪಾಟೆಗಳನ್ನು ಟನ್ನುಗಟ್ಟಲೆ ಮಾಲಿಗೆಂದೇ ಬಿಗಿಯಾಗಿ ಮಾಡಿರುತ್ತಾರೆ. ತುಂಬಿದಾಗ ಗಾಡಿ ನೆಟ್ಟಗೆ ನಡೆಯುತ್ತದೆ, ಖಾಲಿ ಇದ್ದಾಗ ಹಿಂಭಾಗ ಕುಣಿಯುತ್ತದೆ. ಇಂಜಿನ್ನಿನ ಭಾರ ಮುಂದೆ, ಎಳೆಯುವ ಗಾಲಿ ಹಿಂದೆ. ಹೀಗಾಗಿ ಮಳೆಗಾಲದಲ್ಲಿ ಖಾಲಿ ಪಿಕಪ್ ಎರೆ ಮಣ್ಣಿನಲ್ಲಿ ಸಿಕ್ಕರೆ ಗಾಲಿ ತಿರುಗುತ್ತಲೇ ಇರುತ್ತದೆ, ಗಾಡಿ ಹೊರಡುವುದಿಲ್ಲ. ಹಿಂದಿನ ಗಾಲಿಯ ಮೇಲೆ ಬರುವಂತೆ ನಾಲ್ಕು ಚೀಲ ಉಸುಕು ಹಾಕಿಕೊಂಡರೆ ಒಂದಿಷ್ಟು ಹಿಡಿತ ಸಿಗುತ್ತದೆ. ಒದ್ದೆ ಡಾಂಬರು ರಸ್ತೆಯಲ್ಲಿ ಖಾಲಿ ಪಿಕಪ್‌ನ ಬ್ರೇಕನ್ನು ಒಮ್ಮೆಲೇ ಒತ್ತಿದರೆ ಹಿಂಭಾಗ ಜಾರುವ ಅಪಾಯವೂ ಇದೆ.

ಜೀಪು ಎಂದೊಡನೆ ನಾಲ್ಕೂ ಗಾಲಿ ಎಳೆಯುತ್ತವೆ ಎಂದು ತಿಳಿಯುವವರೂ ಇದ್ದಾರೆ. ಬೊಲೆರೊ ಎಳೆಯುವುದು ಹಿಂದಿನ ಗಾಲಿಯಿಂದಲೇ. ಅದರ ಹಿಂದಿನ ಭಾಗದಲ್ಲಿಯೂ ಪಾಟೆಗಳೇ ಇವೆ, ಆದರೆ ಮಂದಿಯ ಭಾರಕ್ಕೆ ತಕ್ಕಂತೆ ಮೆತ್ತಗೆ. ಬಸುರಿ ಹೆಣ್ಣುಮಗಳನ್ನು, ಬೆನ್ನುನೋವಿನ ಮುದುಕರನ್ನು ರಾತ್ರಿ ಹೊತ್ತು ದವಾಖಾನೆಗೆ ಕರೆದೊಯ್ಯಬೇಕಾದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. 108ರ ಆಂಬ್ಯುಲೆನ್ಸ್ ಇದೆ, ಮೊದಲು ಅದಕ್ಕೇ ಫೋನು ಮಾಡಬೇಕು. ಆದರೆ ವಸ್ತಿಯ ದಾರಿಗೆ ಅದು ಬರುವ ತನಕ ಮನೆಯ ಜೀಪು ಮುಖ್ಯ ರಸ್ತೆಗಾದರೂ ಮುಟ್ಟಿಸುತ್ತದೆ.

ನಡುವಿನ ದಾರಿ

ಎರಡೂ ಬೇಕು ಎನ್ನುವವರಿಗೆ ಎರಡು ಸಾಲು ಸೀಟಿನ ಪಿಕಪ್ ಇದೆ. ಬೊಲೆರೊ ಕ್ಯಾಂಪರ್ ಅಂಥದು. ಚಾಲಕ ಸೇರಿ ಐವರು ಒಳಗೆ ಕುಳಿತುಕೊಳ್ಳಬಹುದು, ಹಿಂದೆ ಒಂದು ಟನ್ ಮಾಲು ಹೇರಬಹುದು. ನಾಲ್ಕೂ ಗಾಲಿ ಎಳೆಯುವ ಮಾದರಿಯೂ ಅದರಲ್ಲಿದೆ. ಹೌದಾ ಚಿಕ್ಕದಾದ್ದರಿಂದ ಕ್ರೇಟು ಕಡಿಮೆ ಹಿಡಿಯುತ್ತವೆ. ಆದರೂ ಗಂಡ ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಹಿರಿಯರು ಇರುವ ಮನೆಗೆ ಸರಿ ಹೊಂದುತ್ತದೆ. ನೆನಪಿಡಬೇಕಾದದ್ದು, ಇದೂ ಸರಕು ವಾಹನವೇ. ಪಾಸಿಂಗ್ ತಪ್ಪದು. ಒಳಗಿನ ಐದೂ ಸೀಟಿಗೆ ವಿಮೆಯ ರಕ್ಷಣೆ ಇದೆಯೇ ಎಂದು ಪಾಲಿಸಿ ತೆಗೆಯುವಾಗಲೇ ಕೇಳಿ ಬರೆಸಿಕೊಳ್ಳಬೇಕು.

ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಪಿಕಪ್‌ಗಳು ಖಾಸಗಿ ವಾಹನವಾಗಿಯೇ ಮಾರಾಟವಾಗುತ್ತವೆ. ಬೆಲೆ ಮಾತ್ರ ಇಪ್ಪತ್ತು ಲಕ್ಷದ ಮೇಲೆ. ಸಾಮಾನ್ಯ ರೈತ ಮನೆಗೆ ಅದು ಎಟುಕುವ ಮಾತಲ್ಲ.

ಇನ್ನೊಂದು ದಾರಿ ಹಳೆಯದು, ಆದರೆ ಗಟ್ಟಿ. ಮಾಲು ಹೆಚ್ಚಿದ್ದರೆ ಪಿಕಪ್ ಇಟ್ಟುಕೊಂಡು, ಜಾತ್ರೆಗೆ, ಮದುವೆಗೆ ಜೀಪನ್ನೋ ಎಸ್‌ಟಿ ಬಸ್ಸನ್ನೋ ಬಾಡಿಗೆಗೆ ಹಿಡಿಯುವುದು. ಮಾಲು ಕಡಿಮೆ ಇದ್ದರೆ ಜೀಪು ಇಟ್ಟುಕೊಂಡು, ಸುಗ್ಗಿಯಲ್ಲಿ ಪಿಕಪ್ ಬಾಡಿಗೆಗೆ ತರುವುದು. ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಗಾಡಿಗೆ ಐದು ವರ್ಷ ಹಪ್ತೆ ಕಟ್ಟುವ ಬದಲು ಆ ನಾಲ್ಕು ಸಲದ ಬಾಡಿಗೆ ಕೊಡುವುದು ಯಾವಾಗಲೂ ಅಗ್ಗ.

ತೆರಿಗೆ ಇಳಿದಿದೆ, ಆದರೆ ಎಲ್ಲದಕ್ಕೂ ಅಲ್ಲ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಗಿದೆ. ಸರಕು ವಾಹನಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ನಾಲ್ಕು ಮೀಟರ್ ಉದ್ದ ಮೀರದ, 1,500 ಸಿಸಿ ಮೀರದ ಡೀಸೆಲ್ ಗಾಡಿಗಳಿಗೂ ಶೇ 18. ಬೊಲೆರೊ ಇದರೊಳಗೆ ಬರುತ್ತದೆ. ಸ್ಕಾರ್ಪಿಯೊದಂಥ ದೊಡ್ಡ ಗಾಡಿಗೆ ಶೇ 40. ಅಂದರೆ ಬೊಲೆರೊದಿಂದ ಒಂದು ಮೆಟ್ಟಿಲು ಮೇಲೆ ಹೋದರೆ ಬರೀ ಗಾಡಿಯ ಬೆಲೆಯಲ್ಲ, ತೆರಿಗೆಯೂ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಇದರ ಮೇಲೆ ಮಹಾರಾಷ್ಟ್ರದ ರಸ್ತೆ ತೆರಿಗೆ. ಖಾಸಗಿ ವಾಹನಕ್ಕೆ ಬೆಲೆಯ ಮೇಲೆ ಒಂದೇ ಸಲಕ್ಕೆ ಕಟ್ಟಬೇಕು, ಡೀಸೆಲ್ಲಿಗೆ ದರ ಹೆಚ್ಚು. ಹಗುರ ಸರಕು ವಾಹನಗಳಿಗೂ ಬೆಲೆಯ ಶೇ 7ರಷ್ಟು ತೆರಿಗೆಯನ್ನು 2025ರ ರಾಜ್ಯ ಬಜೆಟ್‌ನಲ್ಲಿ ಪ್ರಕಟಿಸಲಾಯಿತು. ಷೋರೂಮಿನ ಬೆಲೆ ಕೇಳಿ ಬರದೆ, ರಸ್ತೆಗಿಳಿಯುವ ಹೊತ್ತಿಗೆ ಎಷ್ಟಾಗುತ್ತದೆ ಎಂದು ಬರೆಸಿಕೊಂಡು ಬರಬೇಕು.

ಗಡಿ ದಾಟಿದ ಗಾಡಿಯ ಕಾಗದ

ಗಡಿಭಾಗದವರಿಗೆ ಇನ್ನೊಂದು ಆಸೆ ಇದೆ. ‘ವಿಜಯಪುರದಾಗ ಹಳೇ ಗಾಡಿ ಸೋವಿ ಸಿಗತಾವ’ ಎಂದು ಅಲ್ಲಿಂದ ತರುವುದು. ತರಬಹುದು, ತಪ್ಪಿಲ್ಲ. ಆದರೆ ಕೆಎ 28ರ ಗಾಡಿಯನ್ನು ಅಕ್ಕಲಕೋಟದ ಮನೆಯಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ಓಡಿಸುವಂತಿಲ್ಲ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿಯ ನಂಬರು ಮಾಡಿಸಲೇಬೇಕು ಎಂದು ಕಾಯ್ದೆಯ 47ನೇ ಕಲಂ ಹೇಳುತ್ತದೆ. ಸೊಲ್ಲಾಪುರದ ಕಡೆಯವರಿಗೆ ಎಂಎಚ್ 13, ಜತ್ತದವರಿಗೆ ಸಾಂಗಲಿಯ ಎಂಎಚ್ 10. ಅದಕ್ಕೆ ಮೊದಲು ಹಳೆಯ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅದು ನಮೂನೆ 28. ಹೆಸರು ಬದಲಾವಣೆಗೆ ನಮೂನೆ 29 ಮತ್ತು 30. ಸಾಲವಿದ್ದ ಗಾಡಿಯಾದರೆ ಸಾಲ ತೀರಿದ್ದಕ್ಕೆ ನಮೂನೆ 35 ಮತ್ತು ಬ್ಯಾಂಕಿನ ಪತ್ರ. ಇಲ್ಲಿಯ ತೆರಿಗೆ ಬೇರೆ ಕಟ್ಟಬೇಕು. ಸೋವಿ ಎಂದು ತಂದ ಗಾಡಿಯ ಲಾಭ ಇದರಲ್ಲೇ ಕರಗಿ ಹೋಗಬಹುದು.

ಹೆಸರು ಬದಲಾಗದ ಗಾಡಿ ಇನ್ನೂ ಅಪಾಯ. ಮಾರಿದವನ ಹೆಸರಿನಲ್ಲೇ ವಿಮೆ, ಮಾರಿದವನ ಹೆಸರಿನಲ್ಲೇ ದಂಡದ ಚೀಟಿ. ಅಪಘಾತವಾದರೆ ಅವನೂ ಸಿಕ್ಕಿಬೀಳುತ್ತಾನೆ, ಇವನಿಗೂ ಪರಿಹಾರ ಸಿಗುವುದಿಲ್ಲ. ಬೀಗರ ನಡುವಿನ ವ್ಯವಹಾರ ಎಂದು ಕಾಗದ ಬಿಡುವುದು ಬೀಗತನವನ್ನೇ ಕೆಡಿಸುತ್ತದೆ.

ಕೊಳ್ಳುವ ಮುನ್ನ ಒಂದು ವಹಿ

ಮನೆಯವರು ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಹೋದ ವರ್ಷ ಎಷ್ಟು ಸಲ ಬಾಡಿಗೆ ಗಾಡಿ ತಂದಿದ್ದು, ಪ್ರತಿ ಸಲ ಎಷ್ಟು ಕೊಟ್ಟಿದ್ದು, ಅಡತಿಯ ಪಟ್ಟಿಗಳನ್ನು ತೆಗೆದು ಒಂದು ವಹಿಯಲ್ಲಿ ಬರೆಯಬೇಕು. ಹೆಚ್ಚಿನ ಪಟ್ಟಿಗಳಲ್ಲಿ ಬಾಡಿಗೆ, ಹಮಾಲಿ ಬೇರೆ ಬೇರೆ ನಮೂದಾಗಿರುತ್ತವೆ. ಅದರ ಪಕ್ಕದಲ್ಲಿ ಮನೆಮಂದಿ ಎಲ್ಲೆಲ್ಲಿಗೆ, ಎಷ್ಟು ಮಂದಿ, ಎಷ್ಟು ಸಲ ಹೋದರು ಎಂದು ಬರೆಯಬೇಕು. ದವಾಖಾನೆ, ಶಾಲೆ, ಜಾತ್ರೆ, ಮದುವೆ ಎಲ್ಲವನ್ನೂ. ಈ ಎರಡನೇ ಕಡೆಯನ್ನು ಹೆಣ್ಣುಮಕ್ಕಳಿಂದ ಕೇಳಿ ಬರೆದರೆ ಲೆಕ್ಕ ತಪ್ಪುವುದಿಲ್ಲ. ಗಂಡಸರಿಗೆ ಮಾಲಿನ ಖೇಪು ನೆನಪಿರುತ್ತದೆ, ಕೂಸನ್ನು ಎತ್ತಿಕೊಂಡು ರಸ್ತೆಯ ಮೇಲೆ ಗಾಡಿಗಾಗಿ ಕಾದ ದಿನ ನೆನಪಿರುವುದಿಲ್ಲ.

ಮಾಲಿನ ಕಡೆ ನೂರರ ಹತ್ತಿರ ಬಂದರೆ ಪಿಕಪ್ ತರಲಿ, ಆದರೆ ಹೌದಾ ಮಾಲಿಗೆ ಮಾತ್ರ ಎಂದು ಮೊದಲ ದಿನವೇ ಮನೆಯಲ್ಲಿ ಮಾತಾಗಲಿ. ಮಂದಿಯ ಕಡೆ ಹೆಚ್ಚು ಬಂದರೆ ಜೀಪು ತರಲಿ, ಅದರಿಂದ ದುಡಿಮೆ ಆಗುತ್ತದೆ ಎಂಬ ಆಸೆ ಬಿಡಲಿ. ಎರಡೂ ಕಡೆ ಕಡಿಮೆ ಬಂದರೆ ಈ ವರ್ಷ ಗಾಡಿಯ ಮಾತು ಬಿಟ್ಟು ಆ ಹಣದಲ್ಲಿ ಹಳೆಯ ಸಾಲ ತೀರಿಸಲಿ. ಮೂರರಲ್ಲಿ ಯಾವುದು ಆದರೂ ಸರಿ, ಆಳದ ನೆಲಕ್ಕೆ ಬೋಜಾ ಏರಬಾರದು, ಜಾತ್ರೆಗೆ ಹೋದವರು ಜಾತ್ರೆಯಿಂದ ಮರಳಿ ಬರಬೇಕು.